ಮೂರು ಗಂಟೆಗೆ ಹರಿದ ಹಾಳೆ

ವಿಷ್ಣುತೀರ್ಥರಾಯರ ಗದ್ದ ಸದಾ ಆಕಾಶದ ಕಡೆಗೇ ಇರುತ್ತಿತ್ತು. ಸೌಕಾರ್‌ಪೇಟೆಯ ಕೈಗಾಡಿಗಳ ನಡುವೆಯೂ ಹಾಗೆಯೇ ನಡೆದು ಬಂದು, ನಮ್ಮ ಹೋಟೆಲಿನ ಹೊಸ್ತಿಲನ್ನು ಹತ್ತು ವರ್ಷ ದಿನಾ ಎಡವಿದರು. ಅಷ್ಟೆಲ್ಲ ಮೇಲಿನ ಲೆಕ್ಕ ಬಲ್ಲ ಮನುಷ್ಯ, ದಿನ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನನಗೆ ಮೊದಲೇ ಹೇಳಬಾರದಿತ್ತೇ? ಆ ಸಿಟ್ಟು ನನಗೆ ಇವತ್ತಿಗೂ ಇದೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಂದ ಅಡುಗೆಯವ. ರಾಯರು ಮೂರು ತಲೆಮಾರಿನಿಂದ ಮದರಾಸಿನವರು, ಗುಮಾಸ್ತರು, ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಒಬ್ಬರೇ ವಾಸ. ಬೇಸಗೆಯಲ್ಲೂ ಬಿಡದ ಕಪ್ಪು ಕೋಟು. ಅದರ ಜೇಬಿನಲ್ಲಿ, ಕತ್ತಲಿಗೆ ಒಗ್ಗಿದ ಕಣ್ಣು ಕೆಡಬಾರದೆಂದು ಗಾಜಿಗೆ ಗಾಳಿಪಟದ ಕೆಂಪು ಕಾಗದ ಅಂಟಿಸಿದ ಟಾರ್ಚು. ಯಾವ ಮಾತಿನ ಕೊನೆಗೂ ಒಂದು ತಮಿಳು ‘ಪರವಾಯಿಲ್ಲೆ’.

ಅರವತ್ತರ ಆಸುಪಾಸಿನ ಒಂದು ಹೊಸ ವರ್ಷಕ್ಕೆ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ಅವರು ಅಡುಗೆಮನೆಗೆ ತಂದುಕೊಟ್ಟರು. ಒಂದೊಂದು ಹಾಳೆಯ ಅಂಚಿನಲ್ಲೂ ಆ ರಾತ್ರಿ ಏನು ಕಾಣುತ್ತದೆ, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಎಂದು ಅವರದೇ ಕೈಯ ಇರುವೆಯಂಥ ಅಕ್ಷರ. ಓದಿ ಓದಿ, ತಾರಸಿ ಹತ್ತಿ ಹತ್ತಿ, ಸ್ವಾತಿಯನ್ನೂ ಚಿತ್ತೆಯನ್ನೂ ಮನೆಯವರಂತೆ ಗುರುತು ಹಿಡಿಯತೊಡಗಿದೆ. ಆದರೆ ನನ್ನ ಮನಸ್ಸೆಲ್ಲ ಶ್ರಾವಣದ ಒಂದು ಹಾಳೆಯ ಮೇಲೆ: ‘ಮಂಗಳವಾರ, ರಾತ್ರಿ ಮೂರೂವರೆ. ಚಂದ್ರ ರೋಹಿಣಿಯನ್ನು ಮರೆಮಾಡುವನು.’ ಇಪ್ಪತ್ತೇಳು ಹೆಂಡಿರಲ್ಲಿ ಅವನ ಅಚ್ಚುಮೆಚ್ಚಿನವಳು!

ಮೂರಕ್ಕೆದ್ದು, ಹಳೆಯ ಹಾಳೆ ಹರಿದು, ಒಲೆ ಹಚ್ಚುವುದು ನನ್ನ ಕ್ರಮ. ಹಾಗೆ ಹರಿದಾಗ ಮಂಗಳವಾರ ಕಂಡಿತು. ಅಡುಗೆಮನೆಯವರನ್ನೆಲ್ಲ ತಾರಸಿಗೆ ಎಳೆದೊಯ್ದೆ. ಚಂದ್ರ ಕೃತ್ತಿಕೆಯ ಬಳಿ ಆರಾಮಾಗಿದ್ದ. ರೋಹಿಣಿ ಒಂದು ಮುಷ್ಟಿ ಕೆಳಗೆ.

“ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಕಾಣ್ತದೆ ಭಟ್ರೆ” ಎಂದ ದೋಸೆಯ ಸೀತಾರಾಮ.

ಬೆಳಿಗ್ಗೆ ಕಾಫಿಗೆ ಬಂದ ರಾಯರ ಮೇಲೆ ಎಲ್ಲರೆದುರು ಹರಿಹಾಯ್ದೆ: “ಎಂಥ ಲೆಕ್ಕ ಮಾರಾಯ್ರೆ ನಿಮ್ದು? ಒಲೆಗೆ ಹಾಕಿ ಅದನ್ನು!”

“ಹಾಳೆ ಎಷ್ಟೊತ್ತಿಗೆ ಹರಿದ್ರಿ ಭಟ್ರೇ?”

“ಏಳುವಾಗ. ಮೂರು ಗಂಟೆಗೆ.”

“ಸೂರ್ಯನೇ ಹುಟ್ಟಿಲ್ಲ, ಅಷ್ಟರಲ್ಲಿ ಮಂಗಳವಾರ ಹೇಗ್ರೀ ಬರತ್ತೆ? ಪಂಚಾಂಗಕ್ಕೆ ಅದಿನ್ನೂ ಸೋಮವಾರದ ರಾತ್ರಿ. ಇವತ್ತು ರಾತ್ರಿ ಬನ್ನಿ, ಪರವಾಯಿಲ್ಲೆ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ಕೆಂಪು ಬೆಳಕು. “ಭಟ್ರೇ, ಹತ್ತಿರ ಬಂದಾಯ್ತು, ಬನ್ನಿ.” ನಾನು ಒಲೆ ಊದುತ್ತಲೇ ಇದ್ದೆ. ಮೆಟ್ಟಿಲು ಹತ್ತಿದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದ ಸದ್ದು. “ಇನ್ನು ಎರಡೇ ನಿಮಿಷ ರೀ. ಕೋಪ ಆಮೇಲೆ ಮಾಡ್ಕೊಳ್ಳಿ.” ತಿರುಗಿ ನೋಡಲಿಲ್ಲ.

ನಕ್ಷತ್ರ ಚಂದ್ರನ ಹಿಂದೆ ಸರಿಯುವುದು ದೀಪ ಆರಿಸಿದಷ್ಟು ಥಟ್ಟನೆಯಂತೆ. ತಿಂಗಳ ಮೇಲೆ, ರಾತ್ರಿ ಕಂಡದ್ದನ್ನು ಬರೆದಿಡುವ ಅವರ ನೋಟುಬುಕ್ಕು ಕೈಗೆ ಸಿಕ್ಕಾಗ, ಆ ರಾತ್ರಿಯ ಕೆಳಗೆ ಒಂದೇ ಸಾಲಿತ್ತು: ‘ನೋಡಲಿಲ್ಲ. ಮೆಟ್ಟಿಲ ಮೇಲಿದ್ದೆ.’

ಮರುವರ್ಷದ ಕ್ಯಾಲೆಂಡರಿನಲ್ಲಿ, ಮೂರು ಗಂಟೆ ದಾಟಿದ ಪ್ರತಿಯೊಂದು ನೋಟವನ್ನೂ ಅವರು ಒಂದು ಹಾಳೆ ಮುಂದಕ್ಕೆ ಬರೆದಿದ್ದರು, ನನ್ನ ಒಲೆಯ ಲೆಕ್ಕಕ್ಕೆ. ಆಮೇಲೆ ಎಷ್ಟೋ ಬೆಳಗಿನ ಜಾವಗಳನ್ನು ತಾರಸಿಯ ಮೇಲೆ ಇಬ್ಬರೂ ಸುಖವಾಗಿ ಕಳೆದೆವು. ಆಕಾಶದ ನಿಮಿಷಗಳನ್ನು ಅಷ್ಟು ಜಿಪುಣತನದಿಂದ ಎಣಿಸುವ ಇಂಥವರು, ತಮ್ಮ ಸ್ವಂತ ನಿಮಿಷಗಳನ್ನು ಮಾತ್ರ ಯಾರ ಬಾಗಿಲಲ್ಲಾದರೂ ಚೆಲ್ಲಿ ಬರುತ್ತಾರೆ. ಅವರಿರುವಷ್ಟು ದಿನ ನಾನು ಆ ಮಾತೆತ್ತಲಿಲ್ಲ. ಎತ್ತಿದ್ದರೆ ‘ಪರವಾಯಿಲ್ಲೆ’ ಎನ್ನುತ್ತಿದ್ದರು. ಅಂದ ಮಾತ್ರಕ್ಕೆ ತೀರುತ್ತದೆಯೇ? ಅವರ ಆ ಎರಡು ನಿಮಿಷ ಇನ್ನೂ ನನ್ನ ಹತ್ತಿರವೇ ಇದೆ.