ಜ್ಯೋತಿಯ ಬೋಲ್ಜಾನೊ

ಹಳೆಯ ಕಾಲದ ಗಣಿತಜ್ಞ ಬೋಲ್ಜಾನೊ ತನ್ನ ಸ್ವಂತ ಆಸ್ತಿ ಎಂದೇ ಜ್ಯೋತಿ ನಂಬಿದ್ದಳು. ಹಾಗಿರುವಾಗ ಚಿಕ್ಕಮ್ಮನ ಮಗಳು ಶಿವರಂಜನಿ ಅಡ್ಯಾರಿನ ಗಣಿತ ಕೂಟದ ಬೋರ್ಡಿನ ಮೇಲೆ ಅವನ ಹೆಸರನ್ನು ದಪ್ಪಕ್ಷರದಲ್ಲಿ ಬರೆದದ್ದೇ ತಡ, ಇವಳ ಹೊಟ್ಟೆಯಲ್ಲಿ ಸಾಸಿವೆ ಸಿಡಿಯತೊಡಗಿತು.

ಅವನ ಕಥೆ ಹೇಳಿಕೊಟ್ಟವಳೇ ಜ್ಯೋತಿ! ವೆಸ್ಟ್ ಮಾಂಬಲಂನ ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಾ, "1817ರಲ್ಲೇ ಕಣೇ ರಂಜನಿ, ಪ್ರಾಗ್‌ನಲ್ಲೊಬ್ಬ ಪಾದ್ರಿ ಈ ಪ್ರೂಫನ್ನೆಲ್ಲ ಬರೆದಿಟ್ಟ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ನಾಲ್ಕು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಕೋಶಿ ಅನ್ನೋನು ಅದನ್ನೇ ಬರೆದ, ಊರೆಲ್ಲ ಕೇಳ್ತು," ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದಳು. ಆಗ ರಂಜನಿ ಕ್ಲಿಪ್ಪು ಕೊಡುತ್ತಾ "ಪಾವಂ, ಪಾಪ ಅಲ್ವಾಕ್ಕ" ಎಂದಿದ್ದಳು, ಅಷ್ಟೇ. ಈಗ ನೋಡಿದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ!

ಆ ಕೂಟಕ್ಕೊಂದು ಕಾನೂನಿತ್ತು. ಪ್ರೂಫಿನಲ್ಲಿ ಬಿರುಕು ಕಂಡವರು ಎದ್ದುಹೋಗಿ ಮಾತಾಡುವವರ ಕೈಯಿಂದ ಚಾಕ್ ಕಿತ್ತುಕೊಳ್ಳಬಹುದು. ಆದರೆ ಕಿತ್ತುಕೊಂಡವರೇ ಬಿರುಕು ಮುಚ್ಚಬೇಕು. ಆಗದಿದ್ದರೆ ಚಾಕ್ ವಾಪಸ್. ಕೊನೆಯಲ್ಲಿ ಚಾಕ್ ಯಾರ ಕೈಯಲ್ಲಿದೆಯೋ ಆ ದಿನದ ಭಾಷಣ ಅವರ ಹೆಸರಿಗೆ.

ರಂಜನಿ ತಮಿಳು ಇಂಗ್ಲಿಷ್ ಬೆರೆಸಿ ಸಲೀಸಾಗಿ ಹೇಳುತ್ತಿದ್ದಳು. ಎಲ್ಲೂ ತುಂಡಾಗದ ವಕ್ರರೇಖೆ ಒಂದು ಕಡೆ ಸೊನ್ನೆಗಿಂತ ಕೆಳಗೆ, ಇನ್ನೊಂದು ಕಡೆ ಮೇಲೆ. ನಡುವೆ ಎಲ್ಲೋ ಸೊನ್ನೆಯನ್ನು ದಾಟಲೇಬೇಕು. ಚಿತ್ರದಲ್ಲೇ ಕಾಣುತ್ತಲ್ಲ ಎಂದರು ಆ ಕಾಲದವರೆಲ್ಲ. ಕಂಡರೆ ಸಾಲದು, ಸಾಧಿಸಬೇಕು ಎಂದವನು ಬೋಲ್ಜಾನೊ. ಜಾಗವನ್ನು ಅರ್ಧ ಮಾಡು, ದಾಟುವ ಅರ್ಧವನ್ನು ಇಟ್ಟುಕೋ, ಮತ್ತೆ ಅರ್ಧ ಮಾಡು. ಹೀಗೇ ಕುಗ್ಗುತ್ತಾ ಹೋಗಿ ಒಂದು ಬಿಂದು ಸಿಗುತ್ತದೆ.

"ಸೂಪರ್ ಮಾ!" ಎಂದರು ಕೂಟ ನಡೆಸುವ ಗುರುಚರಣ ಸರ್. ತನಗೆ ಅವರು ಒಮ್ಮೆಯೂ ಸೂಪರ್ ಎಂದಿರಲಿಲ್ಲ. ಜ್ಯೋತಿಗೆ ಇನ್ನು ತಡೆಯಲಾಗಲಿಲ್ಲ. ದಡದಡ ನಡೆದುಹೋಗಿ ಚಾಕ್ ಕಿತ್ತುಕೊಂಡಳು.

"ಆ ಬಿಂದು ಇದೆ ಅಂತ ಯಾರು ಹೇಳಿದ್ದು ನಿಂಗೆ?"

ರಂಜನಿ ಏನೋ ಹೇಳಲು ಬಾಯಿ ತೆರೆದಳು. ಕಾನೂನು ನೆನಪಾಗಿ ಪಕ್ಕಕ್ಕೆ ಸರಿದಳು. ಗೆದ್ದೆ ಎಂಬ ಅಮಲಿನಲ್ಲಿ ಜ್ಯೋತಿ ಬೋರ್ಡಿನ ಉದ್ದಕ್ಕೂ ಒಂದು ಗೆರೆ ಎಳೆದಳು, ಎರಡೂ ಕಡೆಯಿಂದ ಬಾಣ ಹಾಕಿದಳು. "ನೋಡಿ, ಇಲ್ಲಿಂದ ಬಂತು, ಅಲ್ಲಿಂದ ಬಂತು. ಗೆರೇಲಿ ತೂತೇ ಇಲ್ವಲ್ಲ, ಸೇರ್ಲೇಬೇಕು!"



"ಅಕ್ಕ," ಎಂದಳು ರಂಜನಿ ಮೆಲ್ಲಗೆ, "ನೀನೂ ಚಿತ್ರಾನೇ ಬರ್ದೆ."

 ಚಾಕ್ ತಾನಾಗಿಯೇ ಕೈ ಬದಲಾಯಿತು. ಇಲ್ಲಿ ಬೋಲ್ಜಾನೊ ಕೂಡ ಎಡವಿದ್ದ, ಸಂಖ್ಯೆ ಎಂದರೇನು ಎಂದೇ ಆಗಿನ್ನೂ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ, ಅದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು ಎಂದು ರಂಜನಿ ವಿವರಿಸಿ, ಆಮೇಲೆ ಬಂದ ಆ ವ್ಯಾಖ್ಯೆಯಿಂದಲೇ ಬಿಂದು ಇದ್ದೇ ಇದೆ ಎಂದು ಸಾಧಿಸಿ ಬಿರುಕು ಮುಚ್ಚಿದಳು. ಕೊನೆಗೆ "ಬೋಲ್ಜಾನೊ ಬಗ್ಗೆ ನಂಗೆ ಮೊದಲು ಹೇಳಿದ್ದು ನಮ್ಮಕ್ಕ" ಎಂದೂ ಸೇರಿಸಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಬಸ್‌ಸ್ಟಾಪಿನಲ್ಲಿ ರಂಜನಿ ಕೇಳಿದಳು, "ಕೋಪಾನಾಕ್ಕ?"

"ಅವನು ಎಡವಿದ್ದ ಅಂತ ನಿಂಗ್ಯಾರು ಹೇಳಿದ್ದು?"

"ಅವನ ಲೇಖನಾನೇ ಓದ್ದೆ. ಇಂಗ್ಲಿಷ್‌ನಲ್ಲಿ ಸಿಗುತ್ತೆ. ಯಾಕೆ, ನೀನು ಓದಿಲ್ವಾ?"

ಜ್ಯೋತಿ ಓದಿರಲಿಲ್ಲ. ಯಾವುದೋ ವಿಡಿಯೋ ನೋಡಿ ಅತ್ತಿದ್ದಳು, ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಇಷ್ಟು ದಿನ ಅವನಿಗಾಗಿ ಜಗಳವಾಡಿದವಳು ಅವನ ಒಂದು ಸಾಲನ್ನೂ ತೆರೆದು ನೋಡಿರಲಿಲ್ಲ. ಅವನನ್ನು ಕಡೆಗಣಿಸಿದವರ ಸಾಲಿನಲ್ಲಿ ತಾನೂ ನಿಂತಿದ್ದಳು.

ಬಸ್ಸು ಬಂತು. ರಂಜನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದಕ್ಕೂ ಹೊಟ್ಟೆ ಉರಿಯಿತು.

"ಆ ಲೇಖನದ ಪಿಡಿಎಫ್ ಕಳ್ಸು," ಎಂದಳು ಜ್ಯೋತಿ, ಮುಖ ಆ ಕಡೆ ತಿರುಗಿಸಿಕೊಂಡೇ. "ನೀನು ಅಂಚಲ್ಲೆಲ್ಲ ನೋಟ್ಸ್ ಗೀಚಿರೋದು ಬೇಡ. ಏನೂ ಗೀಚದೇ ಇರೋದು ಕಳ್ಸು."