ಮುಂಬೈ ಮಾಲು

ಬಡೇಸಾಬ ತೀರಿಕೊಂಡ ಮೇಲೆ ಗಂಗಾವತಿಯ ಅಕ್ಕಿ ಮಿಲ್ಲುಗಳಿಂದ ಸುಟ್ಟ ಮೋಟರುಗಳು ಅವನ ಅಂಗಡಿಗೆ ಬರುವುದು ನಿಂತಿತು. ಹತ್ತು ವರ್ಷ ಪಕ್ಕದಲ್ಲಿ ಕೂತು ತಾಮ್ರದ ತಂತಿ ಸುತ್ತಿದವಳು ಅವನ ಹೆಂಡತಿ ಗೌಸಬೀ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ, "ಹೆಂಗಸು ಸುತ್ತಿದ್ದ ಮೋಟರ ಎಷ್ಟ ದಿನ ತಡದೀತು?" ಎಂದು ಹೊಸಪೇಟೆಗೆ ಕಳಿಸುತ್ತಿದ್ದರು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ದುರುಗಪ್ಪ ಬಂದ. ಮಿಲ್ಲಿನ ಸಾವಕಾರ ವಿರುಪಣ್ಣ ಮದುವೆಗಳಿಗೆಂದು ಕಟ್ಟಿದ್ದ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್ ಬಾರಿಸುತ್ತಿದ್ದ.

"ಅಕ್ಕಾ, ಜನರೇಟರ್ ಹಚ್ಚಿದರ ಸಾಕು, ಗಿಟಾರ್ ಗುಂಯ್ ಅಂತೈತಿ, ಹೆಜ್ಜೇನು ಎದ್ದಂಗ. ತಂತಿ ಕೆಳಗ ದನಿ ಹಿಡಿಯೋ ಪಿಕಪ್ಪಿನಾಗ ಒಂದ ಸುರುಳಿ ಐತಿ. ಎರಡು ಸುರುಳಿದಕ್ಕ ಹಂಬಕರ್ ಅಂತಾರ. ಒಂದು ಹಿಂಗ ಸುತ್ತಬೇಕು, ಇನ್ನೊಂದು ಉಲ್ಟಾ. ಅಯಸ್ಕಾಂತನೂ ಉಲ್ಟಾ. ಗುಂಯ್ ಅನ್ನೂದು ಒಂದಕ್ಕೊಂದು ಬಡಿದಾಡಿ ಸಾಯ್ತೈತಿ, ತಂತಿ ದನಿ ಅಷ್ಟ ಉಳಿತೈತಿ."

"ಉಲ್ಟಾ ಸುತ್ತಿದರ ಮೋಟರ ಸುಡತೈತಿ. ಇದಕ್ಕ ಉಲ್ಟಾನ ಬೇಕೇನು?" ಗೌಸಬೀ ನಕ್ಕಳು. ಗಂಡ ಹೋದಮೇಲೆ ನಕ್ಕದ್ದೇ ಕಡಿಮೆ.

"ಸಾವಕಾರ್ರ ಹೆಂಡತಿ ತಮ್ಮ ಹನಮಪ್ಪ ಮುಂಬೈದಿಂದ ಒಂದು ತಂದಾನ. ನೀನೂ ಒಂದು ಮಾಡು. ಎರಡೂ ಕೇಳಿ ಆರಿಸ್ತೀನಿ ಅಂದಾರ ಸಾವಕಾರ್ರು. ನಿಂದು ಛಲೋ ಬಂದರ ಮಿಲ್ಲಿನ ಮೋಟರೆಲ್ಲಾ ನಿನಗ ಕೊಡ್ತಾರಂತ."

ಕೆಟ್ಟ ರೇಡಿಯೋಗಳಿಂದ ಕೂದಲಿಗಿಂತ ಸಣ್ಣ ತಂತಿ ಬಿಚ್ಚಿದಳು. ಉಸಿರು ಜೋರಾದರೂ ಹರಿಯುವ ತಂತಿ. ಎಂಟು ದಿನ ಸುತ್ತಿ, ಕೊನೆಗೆ ಕರಿದಾರದಿಂದ ತನ್ನದೇ ಗಂಟು ಹಾಕಿದಳು. ಅಂಗಡಿಯಲ್ಲೇ ದುರುಗಪ್ಪ ಬಾರಿಸಿ ನೋಡಿದ. ಗುಂಯ್ ಇಲ್ಲ.

ಮಿಲ್ಲಿನ ಅಂಗಳದಲ್ಲಿ, ಮೋಟರುಗಳು ಓಡುತ್ತಿರುವಾಗಲೇ ಪರೀಕ್ಷೆ. ಎರಡಕ್ಕೂ ಒಂದೇ ನಮೂನೆಯ ತಗಡಿನ ಮುಚ್ಚಳ ಹಾಕಿ ದುರುಗಪ್ಪ ಒಂದೇ ಗಿಟಾರಿಗೆ ಕೂಡಿಸಿದ್ದ. ತನ್ನ ಕಿವಿಯ ಮೇಲೆ ಭಾಳ ಅಭಿಮಾನವಿದ್ದ ವಿರುಪಣ್ಣ ಬೆನ್ನು ತಿರುವಿ ಕೂತ.

ಮೊದಲನೆಯದು ಮಿಲ್ಲಿನ ಜೊತೆಗೇ ಗುಂಯ್‌ಗುಟ್ಟಿತು. ಎರಡನೆಯದರಲ್ಲಿ ತಂತಿಯೊಂದೇ ನುಡಿಯಿತು.

"ಎರಡನೇದು!" ವಿರುಪಣ್ಣ ತೊಡೆ ತಟ್ಟಿದ. "ಮುಂಬೈ ಮಾಲು ಅಂದರ ಇದು!"

"ಸಾವಕಾರ್ರ, ಅದು ನಂದ್ರಿ," ಎಂದಳು ಗೌಸಬೀ.

ಹನಮಪ್ಪ ನಕ್ಕ. "ಹಂಗಾರ ಹೆಜ್ಜೇನಿನ ಗೂಡು ನಂದೇನು? ಏ ದುರುಗ್ಯಾ, ಕೂಡಿಸಿದಾವ ನೀನು. ನೀನ ಹೇಳಲೇ."

ಯಾವ ಮದುವೆಗೆ ಯಾರು ಬಾರಿಸಬೇಕೆಂದು ಗೊತ್ತುಮಾಡುವವನು ಹನಮಪ್ಪನೇ. ದುರುಗಪ್ಪ ಗಿಟಾರಿನ ಕಿವಿ ಹಿಂಡುತ್ತಾ, ತಲೆ ಎತ್ತದೆ ಹೇಳಿದ: "ಎರಡನೇದು... ಮುಂಬೈದ್ರಿ."

ಮೊದಲನೆಯದನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟರು. ಮನೆಗೆ ತಂದು ತಗಡು ತೆಗೆದು, ಒಳಗೆ ಸುತ್ತಿದ್ದ ಟೇಪು ಬಿಚ್ಚಿ ನೋಡಿದಳು. ಒಂದೇ ಸುರುಳಿ. ಇನ್ನೊಂದರ ಜಾಗದಲ್ಲಿ ಕಟ್ಟಿಗೆಯ ತುಂಡು ತುರುಕಿದ್ದರು. ಹನಮಪ್ಪನಿಗೆ ಮುಂಬೈಯಲ್ಲಿ ಯಾರೋ ಟೋಪಿ ಹಾಕಿದ್ದರು. ಆಕೆ ಕೂಡಲೇ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಿಲ್ಲಿಗೆ ಓಡಿದಳು.

"ಆ ಇನ್ನೊಂದನ್ನೂ ಬಿಚ್ಚಿ ನೋಡ್ರಿ, ಒಳಗ ನನ್ನ ಗಂಟೈತಿ," ಎಂದಳು. ವಿರುಪಣ್ಣ ಆಕೆ ತಂದದ್ದನ್ನೇ ತಿರುವಿ ತಿರುವಿ ನೋಡಿದ. "ನಿನ್ನ ಮಾಲು ನಿನ್ನ ಕೈಯಾಗ ಐತಿ, ಗೌಸಬೀ. ಒಳಗ ಕಟಿಗಿ ತುರುಕಿದಾಕಿನೂ ನೀನ. ಇಂಥಾಕಿ ಕೈಯಾಗ ಮೋಟರ ಕೊಟ್ಟಿದ್ದರ ನನ್ನ ಮಿಲ್ಲ ಸುಡತಿತ್ತಲ್ಲ!"

ಆ ಮಾತು ಆಕೆಗಿಂತ ಮೊದಲೇ ಪೇಟೆ ಮುಟ್ಟಿತು. ಸುಟ್ಟ ಫ್ಯಾನು ಸುತ್ತಿಸಲು ತರುತ್ತಿದ್ದ ನಾಲ್ಕು ಮಂದಿಯೂ ಆಮೇಲೆ ಬರಲಿಲ್ಲ.

ದೀಪಾವಳಿ ಕಳೆದು ಲಗ್ನಗಳು ಶುರುವಾದಾಗ ದುರುಗಪ್ಪ ಆ ಎರಡನೆಯ ಪಿಕಪ್ಪು ಹಿಡಿದು ಬಾಗಿಲಲ್ಲಿ ನಿಂತ. ತಂತಿ ಸುತ್ತುವ ಚಕ್ರ ಮಾರಿಯಾಗಿತ್ತು. ಅದು ಇದ್ದ ಜಾಗದಲ್ಲಿ ಗೌಸಬೀ ಯಾರದೋ ಮನೆಯ ಅಕ್ಕಿ ಹಸನು ಮಾಡುತ್ತಿದ್ದಳು.

"ಅಕ್ಕಾ, ಒಳಗ ತಂತಿ ಕಡದೈತಿ. ನಾಳಿ ಕುಕನೂರಾಗ ಮದುವಿ. ಸಾವಕಾರ್ರಿಗೆ ಗೊತ್ತಾಗೂದು ಬ್ಯಾಡ."

ಆಕೆ ಕೈಗೆ ತೆಗೆದುಕೊಂಡಳು. ಮುಚ್ಚಳ ಸರಿಸಿದರೆ ಕರಿದಾರದ ಗಂಟು ಹಾಕಿದಂತೆಯೇ ಇತ್ತು. ಅದರ ಬುಡದಲ್ಲೇ ತಂತಿ ಹರಿದಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ಮುಚ್ಚಳ ಮುಚ್ಚಿ ವಾಪಸು ಕೊಟ್ಟಳು.

"ಮುಂಬೈ ಮಾಲಲ್ಲೇನೋ ತಮ್ಮಾ ಇದು? ನನಗೇನು ತಿಳಿತೈತಿ. ಅಲ್ಲೇ ಕಳಸು."

ದುರುಗಪ್ಪ ಇನ್ನೂ ನಿಂತೇ ಇದ್ದ. ಆಕೆ ಮೊರ ಎಳೆದುಕೊಂಡು ಹರಳು ಆರಿಸತೊಡಗಿದಳು.