ಸೋಪು ಹಾಕಿ ತೊಳೆದ ಮರಿ

ಮೆರೆರಿಡ್‌ಗೆ ಮೂವತ್ತೊಂದು. ವೇಲ್ಸ್‌ನ ಒಂದು ಸಂತೆಪೇಟೆಯ ಪಶು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಫೋನ್ ಎತ್ತುವ ಕೆಲಸ. ಶಾಲೆಯಲ್ಲಿ ಓದಿದ್ದು ಚರಿತ್ರೆ, ನಾಟಕ. ವಿಜ್ಞಾನಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಅಂಥವಳು ಪಶುವೈದ್ಯೆಯಾಗಲು ಹೊರಟರೆ ಊರು ನಗದೆ ಬಿಟ್ಟೀತೆ? ಆದರೆ ಒಂದು ವಿಶ್ವವಿದ್ಯಾಲಯ ಇಂಥವರಿಗೆಂದೇ ಒಂದು ವರ್ಷದ ತಯಾರಿ ತರಗತಿ ಇಟ್ಟಿತ್ತು. ಅರ್ಜಿಯ ಜೊತೆ, ಕುರಿ ಈಯುವ ಕಾಲದಲ್ಲಿ ನಾಲ್ಕು ವಾರ ದುಡಿದು, ಕುರಿಗಾರನ ಕೈಯಿಂದ ಎರಡು ಮಾತು ಬರೆಸಿಕೊಂಡು ಬರಬೇಕು. ಆ ಎರಡು ಮಾತಿನ ಮೇಲೆ ಅವಳ ಬದುಕು ನಿಂತಿತ್ತು.

ಹಾಗೆ ಅವಳು ಗುಡ್ಡದ ಮೇಲಿನ ಇಡ್ವಾಲ್ ತಾತನ ಕೊಟ್ಟಿಗೆ ಸೇರಿದಳು. ಮುದುಕನ ಬಾಯಿ ಜೋರು, ಹೊಗಳಿಕೆ ಮಾತ್ರ ಬಲು ತುಟ್ಟಿ.

ಮೂರನೇ ವಾರ ಒಂದು ಕುರಿಗೆ ಸತ್ತ ಮರಿ ಹುಟ್ಟಿತು. ಪಕ್ಕದಲ್ಲೇ ಇನ್ನೊಂದು ಕುರಿ ಮೂರು ಮರಿ ಹಾಕಿತ್ತು, ಮೊಲೆ ಇದ್ದದ್ದು ಎರಡೇ. ತಾತ ಸತ್ತ ಮರಿಯ ಚರ್ಮ ಸುಲಿದು ಅವಳ ಕೈಗಿಟ್ಟ. "ಆ ಮೂರನೇದಕ್ಕೆ ಇದನ್ನ ಅಂಗಿ ಥರ ತೊಡಿಸಿ, ಮರಿ ಕಳಕೊಂಡ ಇವಳ ಹತ್ರ ಬಿಡು" ಎಂದು ಚಹಾಕ್ಕೆ ಹೋದ.

ಆಸ್ಪತ್ರೆಯ ಮಡಿ ಮೈಗೆ ಹತ್ತಿದ್ದ ಮೆರೆರಿಡ್‌ಗೆ ಆ ರಕ್ತ ಕಂಡು ತಡೆಯಲಾಗಲಿಲ್ಲ. ಬಿಸಿನೀರು, ಸೋಪು ಹಾಕಿ ಚರ್ಮವನ್ನೂ ಮರಿಯನ್ನೂ ಚೆನ್ನಾಗಿ ತೊಳೆದು, ಒರೆಸಿ, ತೊಡಿಸಿ ಬಿಟ್ಟಳು. ಕುರಿ ಒಮ್ಮೆ ಮೂಸಿ, ತಲೆಯಿಂದ ಗುದ್ದಿತು. ಮರಿ ಹೋಗಿ ಕೊಟ್ಟಿಗೆಯ ಹಲಗೆಗೆ ಬಡಿದು ಬಿತ್ತು.

ಕುರಿಯೇ ಕೆಟ್ಟದ್ದು ಎಂದುಬಿಡಬಹುದಿತ್ತು. ಅವಳು ಅಡುಗೆಮನೆಗೆ ಹೋಗಿ ತಾತನಿಗೆ ನಿಜ ಹೇಳಿದಳು.

"ತೊಳ್ದ್ಯಾ?"

"ತೊಳ್ದೆ ತಾತ. ಸೋಪ್ ಹಾಕಿ."

"ಸೆಂಟೂ ಹೊಡೀಬೇಕಿತ್ತು, ಮದುವೆಗೆ ಹೊರಟಿತ್ತಲ್ಲ." ತಾತ ಎದ್ದ. "ಕುರಿ ಮಗುನ ಗುರುತಿಸೋದೇ ಮೂಗಿಂದ ಕಣೇ. ಆ ಕುರಿ ಈದಾಗ ಬಂದ ಮಾಸು ಇನ್ನೂ ಹುಲ್ಲಲ್ಲೇ ಬಿದ್ದಿದ್ಯಾ?"

ಬಿದ್ದಿತ್ತು. ಮೆರೆರಿಡ್ ಮಂಡಿಯೂರಿ ಆ ಲೋಳೆಯನ್ನು ಎರಡೂ ಕೈಯಲ್ಲಿ ಬಾಚಿ ಮರಿಯ ನೆತ್ತಿಯಿಂದ ಬಾಲದ ತನಕ ಬಳಿದಳು. ಮೊಣಕೈವರೆಗೆ ಮಾಸು, ಕೂದಲಿಗೂ ಮಾಸು. ಮರಿಯನ್ನು ಮತ್ತೆ ಮುಂದೆ ಹಿಡಿದಳು. ಕುರಿ ಬಹಳ ಹೊತ್ತು ಮೂಸಿತು. ಆಮೇಲೆ, ಹೆತ್ತ ಮರಿಯನ್ನು ಮಾತ್ರ ಕರೆಯುವ ಆ ತಗ್ಗಿದ ದನಿ ಅದರ ಗಂಟಲಿನಿಂದ ಬಂತು. ಮರಿ ಮೊಲೆಗೆ ಬಾಯಿ ಹಾಕಿ ಬಾಲ ಅಲ್ಲಾಡಿಸಿತು. ಮೆರೆರಿಡ್ ಅತ್ತುಬಿಟ್ಟಳು.

"ಅಳೋದಾದ್ರೆ ಹೊರಗೆ ಹೋಗು ಮಗಳೇ, ಕುರಿ ಬೆದರುತ್ತೆ" ಎಂದ ತಾತ.

ಅವನು ಬರೆದ ಕಾಗದವನ್ನು ಸಂದರ್ಶನದಲ್ಲಿ ಗಟ್ಟಿಯಾಗಿ ಓದಿದರು: "ಮರಿಗೆ ಸೋಪು ಹಾಕಿ ತೊಳೆದಳು. ತಾನೇ ಬಂದು ಹೇಳಿದಳು. ತಾನೇ ಸರಿಮಾಡಿದಳು. ಕೈಗುಣ ಇದೆ." ಮೆರೆರಿಡ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೇಳುತ್ತಿದ್ದವರಿಗೆ ಮಾತ್ರ ಬೇರೆ ಪ್ರಶ್ನೆ ಬೇಕಾಗಲಿಲ್ಲ.

ಸೀಟಿನ ಪತ್ರ ಬಂದ ದಿನ ಅವಳು ಹೆತ್ತವ್ವನಿಗೂ ಹೇಳದೆ ಮೊದಲು ಗುಡ್ಡ ಹತ್ತಿದಳು.

"ಸಿಕ್ತು ತಾತ. ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲ."

"ಓದು ಎಷ್ಟು ವರ್ಷ?"

"ತಯಾರಿಗೆ ಒಂದು, ಆಮೇಲೆ ಐದು."

ತಾತ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ನಂಗೆ ಎಂಬತ್ತೈದಾಗುತ್ತೆ. ನಮ್ಮಪ್ಪ ಎಂಬತ್ತಕ್ಕೇ ಹೊರಟುಹೋದ."

ಅವಳು ಅವನ ಒರಟು ಕೈಯನ್ನು ಹಿಡಿದುಕೊಂಡಳು.

"ಆಯ್ತು ಬಿಡು" ಎಂದ ತಾತ. "ನೀನು ಡಾಕ್ಟ್ರಾಗಿ ಬರೋ ತನಕ ಇರ್ತೀನಿ."